ಮಂಚ ಒಣಗುವ ತನಕ

ಚೀಲಕ್ಕೆ ಎರಡನೆಯ ಸ್ವೆಟರನ್ನು ತುರುಕುವಾಗ ಅವಳಿಗೇ ನಗು ಬಂತು. ಮಗು ಹೊರಟಿರುವುದು ಸ್ವಂತ ಅಪ್ಪನ ಮನೆಗೆ, ಅದೂ ನಾಲ್ಕು ಬೀದಿಯ ಆಚೆಗೆ, ಅದೂ ಸಂಜೆಯ ತನಕ; ಚೀಲ ನೋಡಿದರೆ ಸಮುದ್ರ ದಾಟುವವರ ಗಂಟಿನ ಹಾಗೆ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಜ್ವರದ ಔಷಧಿ, ಬಿದ್ದರೆ ಹಚ್ಚುವ ಮುಲಾಮು, ಎರಡು ಜೊತೆ ಬಟ್ಟೆ, ಬ್ರೆಡ್ಡು, ಬಾಳೆಹಣ್ಣು, ಬಾಟಲಿಯಲ್ಲಿ ನೀರು. ನೀರೂ ಇಲ್ಲವೇನೇ ಅವನ ಮನೆಯಲ್ಲಿ ಎಂದು ಅವಳ ಮನಸ್ಸಿನ ಒಳಗಿನಿಂದ ಯಾರೋ ಕೇಳಿದರು. ಈ ಒಳಗಿನವರ ಮಾತು ಇತ್ತೀಚೆಗೆ ಅತಿಯಾಗಿತ್ತು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಹರಿದ ಚಾದರಗಳಿಗೆ ತೇಪೆ ಹಾಕುವಾಗಲೂ ಬಿಡುತ್ತಿರಲಿಲ್ಲ; ತಮ್ಮ ಚೆನ್ನಾಗಿ ಆಗಲಿ ಅಂತ ಎಲ್ಲರ ಮುಂದೆ ಹೇಳುತ್ತೀಯಲ್ಲ, ನಿಜವಾಗಿ ಚೆನ್ನಾಗಿ ಆಗಿಬಿಟ್ಟರೆ ಏನು ಮಾಡುತ್ತೀಯ, ಎಂದು ಕೇಳುತ್ತಿದ್ದರು. ಆಗ ಅವಳು ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು. ಪಕ್ಕದಲ್ಲಿ ಗುಂಡಿ ಹೊಲಿಯುವವಳು, ಚಾದರಕ್ಕೆ ಏನು ಕೋಪ ಬಂತೋ ಇವತ್ತು, ಎಂದು ಮೂಗು ಮುರಿಯುತ್ತಿದ್ದಳು.

ಚೆನ್ನಾಗಿ ಆಗಿಬಿಟ್ಟಿದ್ದ. ಸಮಸ್ಯೆಯೇ ಅದು. ಮಗುವಿನ ಅಪ್ಪ, ಅವಳ ತಮ್ಮ, ಕುಡಿತ ಬಿಟ್ಟಿದ್ದ, ಈ ಸಲ ಬಿಟ್ಟ ಹಾಗೆ ನಟಿಸದೆ ನಿಜವಾಗಿ ಬಿಟ್ಟಿದ್ದ. ಬಿಡಿಸಿದ ಕೇಂದ್ರದವರು ಬಿಡಿಸಿ ಕೈ ತೊಳೆದುಕೊಳ್ಳುವವರಲ್ಲ. ಕುಡಿದು ಮಕ್ಕಳನ್ನು ಕಳೆದುಕೊಂಡ ಅಪ್ಪಂದಿರಿಗೆ, ಅಮ್ಮಂದಿರಿಗೆ ಮಕ್ಕಳನ್ನು ಮತ್ತೆ ಸೇರಿಸುವ ತನಕ ಬೆನ್ನು ಬಿಡುವುದಿಲ್ಲ. ಮೊದಲು ಕೇಂದ್ರದ ಕೋಣೆಯಲ್ಲಿ ಎಲ್ಲರ ಕಣ್ಣೆದುರು ಒಂದೊಂದು ಗಂಟೆ. ಆಮೇಲೆ ಹೀಗೆ, ಮನೆಯಲ್ಲಿ, ಯಾರೂ ಜೊತೆಗಿಲ್ಲದೆ ಒಂದು ಮಧ್ಯಾಹ್ನ. ಇದು ಸರಿಹೋದರೆ ಒಂದು ರಾತ್ರಿ. ರಾತ್ರಿಗಳು ಸರಿಹೋದರೆ ಮಗು ಅಲ್ಲೇ. ಆ 'ಅಲ್ಲೇ' ಎಂಬ ಮಾತನ್ನು ಕೇಂದ್ರದ ಸಲಹೆಗಾರ್ತಿ, ಎಲ್ಲರೂ ಮೇಡಂ ಎಂದು ಕರೆಯುವ ಆ ಕನ್ನಡಕದ ಹೆಂಗಸು, ಎಷ್ಟು ಸಂತೋಷದಿಂದ ಹೇಳಿದ್ದರೆಂದರೆ ಇವಳೂ ತಲೆಯಾಡಿಸಿ ನಕ್ಕಿದ್ದಳು. ನಗುವಾಗ ಕೆನ್ನೆ ನೋಯುತ್ತಿತ್ತು. ಮಗುವಿನ ತಾಯಿ ಇನ್ನೊಂದು ಸಂಸಾರ ಕಟ್ಟಿಕೊಂಡು ಹೋದಾಗ, ಅಪ್ಪನಾದವನು ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದಾಗ, ಮೂರು ವರ್ಷದ ಕೂಸನ್ನು ಎತ್ತಿಕೊಂಡು ಬಂದವಳು ಇವಳು. ಆಗ ಯಾವ ಮೇಡಮ್ಮೂ ಇರಲಿಲ್ಲ.

"ಅತ್ತೆ, ಚೀಲ ನಾನು ಹೊರಲ್ಲ," ಎಂದಿತು ಮಗು ಬಾಗಿಲಲ್ಲಿ ನಿಂತು. ಶೂ ಹಾಕಿಕೊಂಡಾಗಿತ್ತು, ಎಡಬಲ ಅದಲುಬದಲಾಗಿತ್ತು. ಸಣಕಲಿಯೆಂದು ಅಪ್ಪ ಅವಳನ್ನು ಕಡ್ಡಿ ಎನ್ನುತ್ತಿದ್ದ, ಆ ಹೆಸರೇ ನಿಂತುಬಿಟ್ಟಿತ್ತು.

"ನಿನ್ನನ್ನ ಹೊರು ಅಂದವರು ಯಾರು? ಬಾ ಇಲ್ಲಿ, ಕಾಲು ಕೊಡು."

"ಅಪ್ಪ ನಂಗೆ ಮಂಚ ಮಾಡ್ತಿದ್ದಾನಂತೆ."

"ಮಾಡ್ತಿರೋದಲ್ಲ. ಯಾರದೋ ಹಳೇದನ್ನ ತಂದು ರಿಪೇರಿ ಮಾಡ್ತಿರೋದು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಗುವೇನೂ ಪೆಚ್ಚಾಗಲಿಲ್ಲ. ಹಳೇದಾದ್ರೆ ಅದರಲ್ಲಿ ಮೊದಲು ಯಾರು ಮಲಗ್ತಿದ್ರು, ಅವರೀಗ ಎಲ್ಲಿ ಮಲಗ್ತಾರೆ, ಎಂದು ಶೂ ಬಿಚ್ಚಿ ಹಾಕುವಷ್ಟು ಹೊತ್ತೂ ತಲೆ ತಿಂದಿತು. ಮಗುವಿಗೆ ಪ್ರತ್ಯೇಕ ಮಂಚ ಇರಬೇಕೆನ್ನುವುದು ಕೇಂದ್ರದವರ ಷರತ್ತು. ಮುಂದಿನ ವಾರ ಮೇಡಂ ಬಂದು ನೋಡಿ ಒಪ್ಪಿದರೆ ಮೊದಲ ರಾತ್ರಿ. ಇಲ್ಲಿ ಕಡ್ಡಿಗೆ ಪ್ರತ್ಯೇಕ ಮಂಚ ಇರಲಿಲ್ಲ. ಅತ್ತೆಯ ಮಗ್ಗುಲಲ್ಲಿ ಮಲಗಿ, ನಿದ್ದೆಯಲ್ಲಿ ಒಂದು ಕಾಲನ್ನು ತಂದು ಅವಳ ಹೊಟ್ಟೆಯ ಮೇಲೆ ಹಾಕುತ್ತಿತ್ತು. ಮೊದಮೊದಲು ಆ ಕಾಲನ್ನು ಮೆಲ್ಲಗೆ ಸರಿಸುತ್ತಿದ್ದಳು. ಈಗ ಕಾಲು ಬಂದು ಬೀಳುವ ತನಕ ಅವಳಿಗೆ ನಿದ್ದೆ ಹತ್ತುವುದಿಲ್ಲ. ಇದನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ ಗುಂಡಿ ಹೊಲಿಯುವವಳು, ದಿಂಬು ಇಟ್ಟುಕೋ ಹೊಟ್ಟೆ ಮೇಲೆ, ಎನ್ನುತ್ತಾಳೆ.

ಬೀದಿಯಲ್ಲಿ ಬಿಸಿಲು ಹದವಾಗಿತ್ತು. ಅಂಗಡಿಯವನೊಬ್ಬ ಏಣಿ ಹತ್ತಿ ಗಾಜು ಒರೆಸುತ್ತಿದ್ದ. ಕೆಳಗಿನಿಂದ ಕಡ್ಡಿ, ಅಲ್ಲಿ ಬಿಟ್ಟಿದ್ದೀರಿ, ಇನ್ನೂ ಮೇಲೆ, ಎಂದು ಹುಕುಂ ಕೊಟ್ಟಿತು. ಅವನು, ಆಯ್ತು ಯಜಮಾನ್ರೇ, ಎಂದು ಅಲ್ಲೂ ಒರೆಸಿದ. ಅವಳು ನಗಲಿಲ್ಲ. ಶಾಲೆಯ ಗೇಟಿನ ಮುಂದೆ ಹಾಯುತ್ತಿದ್ದರು, ಮತ್ತು ಆ ಗೇಟಿನ ಮುಂದೆ ಹಾಯುವಾಗ ಅವಳ ಕಾಲು ತಾನಾಗಿ ಬಿರುಸಾಗುತ್ತಿತ್ತು. ಅಲ್ಲೇ, ಆ ಕಂಬ ಹಿಡಿದುಕೊಂಡು, ತಮ್ಮ ನಿಂತಿದ್ದ ಒಂದು ದಿನ. ನಿಂತಿದ್ದ ಅನ್ನುವುದಕ್ಕಿಂತ ಕಂಬ ಅವನನ್ನು ಹಿಡಿದುಕೊಂಡಿತ್ತು. ಮಗಳ ಹೆಸರು ಕೂಗುತ್ತಿದ್ದ. ಉಳಿದ ಮಕ್ಕಳ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಸೆರಗಿಗೆ, ಕೋಟಿಗೆ ಅವುಚಿಕೊಂಡು ಬಳಸಿ ಹೋಗುತ್ತಿದ್ದರು. ಕಡ್ಡಿ ಅವನನ್ನು ನೋಡಿತು, ಗುರುತೇ ಇಲ್ಲದವಳ ಹಾಗೆ ಮುಖ ತಿರುಗಿಸಿತು, ಬಂದು ಅತ್ತೆಯ ಕೈ ಹಿಡಿದುಕೊಂಡಿತು. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿದ್ದು ನಿಜ. ಆದರೆ ಆ ಪುಟ್ಟ ಕೈ ಬಂದು ತನ್ನ ಕೈಯೊಳಗೆ ಸೇರಿಕೊಂಡಾಗ ಏನನ್ನಿಸಿತು ಎನ್ನುವುದನ್ನು ಅವಳು ತನಗೆ ತಾನೂ ಹೇಳಿಕೊಂಡಿರಲಿಲ್ಲ. ಈಗ ಹೇಳಿಕೊಂಡಳು. ಗೆದ್ದ ಹಾಗೆ ಅನ್ನಿಸಿತ್ತು.

"ಕೈ ಬಿಡು ಅತ್ತೆ, ಬೆವರ್ತಿದೆ," ಎಂದು ಕಡ್ಡಿ ಕೊಸರಿಕೊಂಡು ಮುಂದೆ ಓಡಿತು.

ಅವಳಿಗೆ ಬೇಡವಾದ ಇನ್ನೊಂದು ಕೆಲಸ ಬಾಕಿಯಿತ್ತು. ಮಗುವನ್ನು ಕರೆತಂದವರು ಒಪ್ಪಿಸುವ ಮೊದಲು ಅಪ್ಪನನ್ನೋ ಅಮ್ಮನನ್ನೋ ಹತ್ತಿರದಿಂದ ನೋಡಬೇಕು. ಕಣ್ಣು ನೋಡಬೇಕು, ಕೈ ನೋಡಬೇಕು, ಬಾಯಿ ತೆರೆದು ಹಾ ಎನ್ನಿಸಬೇಕು. ಆಮೇಲೆ ಕೆಳಗಿಳಿದು ಬಂದು ಕೇಂದ್ರಕ್ಕೆ ಫೋನ್ ಮಾಡಿ ಹೇಳಬೇಕು. ಇದರಲ್ಲಿ ಅವಮಾನ ಏನಿಲ್ಲ, ಅವರಿಗೂ ಇದರಿಂದ ಧೈರ್ಯ, ಎಂದಿದ್ದರು ಮೇಡಂ. ಅವಮಾನ ಏನಿಲ್ಲವಂತೆ. ಕೇಂದ್ರದಲ್ಲಿ ಮೊದಲನೆಯ ಸಲ ತಮ್ಮ, ಅವಳಿಗಿಂತ ಒಂದು ತಲೆ ಎತ್ತರದವನು, ವೈದ್ಯರಿಗೆ ನಾಲಿಗೆ ತೋರಿಸುವ ಹುಡುಗನ ಹಾಗೆ ಬಗ್ಗಿ ಅವಳ ಮುಖದ ಮುಂದೆ ಹಾ ಎಂದಾಗ ಅವಳಿಗೆ ಅತ್ತುಬಿಡುವ ಹಾಗಾಗಿತ್ತು. ಚಿಕ್ಕವನಿದ್ದಾಗ ಉಣ್ಣುವ ಮುಂಚೆ ಅವನ ಅಂಗೈ ಮೂಸಿ, ಸೋಪು ಹಚ್ಚಿಲ್ಲ, ಹೋಗಿ ತೊಳ್ಕೋ, ಎಂದು ಅಟ್ಟುತ್ತಿದ್ದವಳು ಇವಳೇ. ಅದೇ ಮೂಗು. ಅವನು ಮಾತ್ರ ಒಂದು ಸಲವೂ ಹುಬ್ಬು ಗಂಟಿಕ್ಕಲಿಲ್ಲ; ಬಗ್ಗು ಎನ್ನುವ ಮೊದಲೇ ಬಗ್ಗುತ್ತಿದ್ದ. ಅಷ್ಟೊಂದು ಬಗ್ಗಬೇಡವೋ ಎಂದು ಹೇಳಬೇಕೆನ್ನಿಸುತ್ತಿತ್ತು. ಹೇಳಿರಲಿಲ್ಲ.

ಅವನ ಕೋಣೆ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಅರ್ಧ ಹತ್ತಿರಬೇಕು, ವಾಸನೆ ಬಂತು. ಸ್ಪಿರಿಟ್ಟಿನದು. ಅನುಮಾನವೇ ಬೇಡ. ಮರಕ್ಕೆ ಪಾಲಿಶ್ ಹಾಕುವುದು ತಮ್ಮನ ಕಸುಬು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ಮರದ ಮೇಲೆ ಕೈ ಎತ್ತದೆ ಸುತ್ತಿ ಸುತ್ತಿ ತಿಕ್ಕುವುದು. ಹಾಳಾಗುವ ಕಾಲದಲ್ಲಿ ಆ ಸ್ಪಿರಿಟ್ಟಿಗೇ ನೀರು ಬೆರೆಸಿ ಕುಡಿದಿದ್ದ, ಕುಡಿದು ಆಸ್ಪತ್ರೆ ಸೇರಿದ್ದ, ಇವಳು ತೇಪೆ ಹಾಕಿದ ಚಾದರದ ಮೇಲೇ ಮಲಗಿದ್ದ. ಅದಕ್ಕೇ ಕೇಂದ್ರದವರು ಸ್ಪಿರಿಟ್ಟನ್ನು ಮುಟ್ಟಲೇಬಾರದೆಂದು ತಾಕೀತು ಮಾಡಿದ್ದರು. ಈಗ ಮರಗೆಲಸದ ಅಂಗಡಿಯಲ್ಲಿ ಅವನದು ಬರೀ ಉಜ್ಜುವ ಕೆಲಸ. ಅವನು ಉಜ್ಜಿಕೊಟ್ಟ ಮರಕ್ಕೆ, ಅವನೇ ಕಲಿಸಿದವನೊಬ್ಬ ಪಾಲಿಶ್ ಹಚ್ಚುತ್ತಾನೆ. ವಾಸನೆ ಮೂಗಿಗೆ ಬಡಿದದ್ದೇ ಅವಳ ಎದೆ ಧಸಕ್ಕೆಂದಿತು. ಮುಗಿಯಿತು, ಮತ್ತೆ ಶುರು ಮಾಡಿದ ಪಾಪಿ, ಅಂದುಕೊಂಡಳು. ಮರುಕ್ಷಣವೇ ಆ ಸಂಕಟದ ಅಡಿಯಿಂದ ಇನ್ನೊಂದು ಮೇಲೆದ್ದು ಬಂತು, ಬೆಚ್ಚಗೆ, ಸದ್ದಿಲ್ಲದೆ. ಅದು ಸಂತೋಷ ಎಂದು ಅವಳಿಗೆ ಗೊತ್ತಾಯಿತು. ಮೆಟ್ಟಿಲ ಕಟಕಟೆ ಹಿಡಿದುಕೊಂಡು ಒಂದು ಗಳಿಗೆ ನಿಂತಳು. ಕಡ್ಡಿ ಮೇಲೆ ಹೋಗಿ ಬಾಗಿಲು ಬಡಿಯತೊಡಗಿತ್ತು.

ಬಾಗಿಲು ತೆರೆದವನ ಕೈ ಮೊಣಕೈ ತನಕ ಕಂದು ಬಣ್ಣವಾಗಿತ್ತು. ಹಿಂದೆ, ಕೋಣೆಯ ನಟ್ಟನಡುವೆ, ಹಳೆಯ ಪೇಪರುಗಳ ಮೇಲೆ, ಮಂಚ. ಸಣ್ಣದು. ಕಿಟಕಿಯ ಬೆಳಕು ಅದರ ತಲೆಯ ಹಲಗೆಯ ಮೇಲೆ ಬಿದ್ದು ಮರದೊಳಗಿನ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ಇಷ್ಟು ಚೆಂದದ ಕೆಲಸ ಈ ಕೈಗೆ ಬರುತ್ತದೆನ್ನುವುದನ್ನು ಅವಳು ಮರೆತೇಬಿಟ್ಟಿದ್ದಳು.

"ಮುಟ್ಟಬೇಡ ಪುಟ್ಟಾ, ದಮ್ಮಯ್ಯ, ಇನ್ನೂ ಒಣಗಿಲ್ಲ," ಎಂದು ತಮ್ಮ ಮಗಳ ಮುಂದೆ ಎರಡೂ ಕೈ ಅಡ್ಡ ಹಿಡಿದ. ಮತ್ತೆ ಅಕ್ಕನ ಮುಖ ನೋಡಿ ಅವನ ನಗು ಅರ್ಧಕ್ಕೆ ನಿಂತಿತು. "ವಾಸನೆನಾ? ಮಂಚದ್ದು ಅಕ್ಕ. ಬೆಳಿಗ್ಗೆ ಕೊನೇ ಕೈ ಹಾಕಿದೆ. ಅಂಗಡಿ ಮೇಸ್ತ್ರಿ ಬಂದಿದ್ರು, ಬಾಟ್ಲಿ ಅವರೇ ತಂದ್ರು, ಮುಗಿಯೋ ತನಕ ಇಲ್ಲೇ ನಿಂತಿದ್ದು ಅವರೇ ವಾಪಸ್ ತಗೊಂಡು ಹೋದ್ರು. ಒಂದು ತೊಟ್ಟೂ ಇಲ್ಲ ಮನೇಲಿ. ಬೇಕಾದ್ರೆ ನೋಡು."

"ಮೇಡಂಗೆ ಹೇಳಿದ್ಯಾ?"

"ಹೇಳಿದ್ರೆ ಬೇಡ ಅಂತಿದ್ರು."

"ಪೇಂಟು ಬಳಿದ್ರೆ ಆಗ್ತಿರ್ಲಿಲ್ವಾ?"

"ಈ ಮರಕ್ಕೆ ಪೇಂಟಾ?" ಅವನಿಗೆ ಯಾರೋ ಬೈದ ಹಾಗಾಯಿತು. "ಬರೀ ಉಜ್ಜಿ ಬಿಡೋಣ ಅಂತಾನೂ ನೋಡ್ದೆ. ಬತ್ತಲೆ ನಿಂತ ಹಾಗಿತ್ತು ಅಕ್ಕ. ಮಗು ಮಲಗೋದು."

ಅವನು ಬಗ್ಗಿ ಹಾ ಎಂದ. ಅವಳು ಮೂಗನ್ನು ಹತ್ತಿರ ತಂದಳು. ಹಲ್ಲುಪುಡಿ, ಹಾಲಿಲ್ಲದ ಚಹ, ಹಸಿದ ಹೊಟ್ಟೆ. ಅಷ್ಟೆ. ಕುಡಿದವನ ಉಸಿರು ಹೇಗಿರುತ್ತದೆಂದು ಅವಳಿಗೆ ಕಲಿಸಬೇಕಾಗಿರಲಿಲ್ಲ. ಎಷ್ಟೋ ವರ್ಷ ಬಾಗಿಲಾಚೆ ನಿಂತ ಇವನ ಉಸಿರನ್ನು ಚಿಲಕ ತೆಗೆಯುವ ಮುಂಚೆಯೇ ಕಂಡುಹಿಡಿಯುತ್ತಿದ್ದವಳು. ಅವನು ಶುದ್ಧವಾಗಿದ್ದ. ಕಣ್ಣು ಕೆಂಪಗಿತ್ತು, ನಿದ್ದೆಗೆಟ್ಟು ಆ ಘಾಟಿನಲ್ಲಿ ಕೆಲಸ ಮಾಡಿದ್ದಕ್ಕೆ. ಕೈ ಸಣ್ಣಗೆ ನಡುಗುತ್ತಿತ್ತು, ಬೆಳಗ್ಗೆಯಿಂದ ತಿಕ್ಕಿದ್ದಕ್ಕೆ. ಇದೆಲ್ಲ ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

"ನಾನೂ ನೋಡ್ಬೇಕು," ಎಂದು ಕಡ್ಡಿ ಅಪ್ಪನ ಅಂಗಿ ಜಗ್ಗಿತು. ಅವನು ಅವಳಿಗೂ ಹಾ ಎಂದ. ಮಗು ಮೂಗು ಸುಕ್ಕಿಸಿ ತೀರ್ಪು ಕೊಟ್ಟಿತು: "ಅಪ್ಪ ತಿಂಡಿ ತಿಂದಿಲ್ಲ." ಚೀಲದಿಂದ ತಾನೇ ಬ್ರೆಡ್ಡು ತೆಗೆಯಿತು. ಅವನು ನಕ್ಕ, ಕಣ್ಣಲ್ಲಿ ನೀರಾಡಿತು, ಅದನ್ನು ಮರೆಮಾಡಲು ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆಯಲು ಹೋದ. ಅವಳು ಇನ್ನು ಹೊರಡಬೇಕೆಂದು ಯಾರೂ ಹೇಳಲಿಲ್ಲ, ನಿಲ್ಲು ಎಂದೂ ಹೇಳಲಿಲ್ಲ. ಹೋಗ್ತೀನಿ ಕಡ್ಡಿ ಎಂದಳು. ಹೂಂ ಎಂದಿತು ಮಗು, ಬ್ರೆಡ್ಡಿನ ಅಂಚು ಕಿತ್ತು ಅಪ್ಪನ ಬಾಯಿಗೆ ಇಡುತ್ತಾ, ತಿರುಗಿ ನೋಡದೆ.

ಕೆಳಗೆ ಚಪ್ಪಲಿ ಅಂಗಡಿಯ ನೆರಳಲ್ಲಿ ನಿಂತು ಫೋನ್ ಮಾಡಿದಳು. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಆಮೇಲೆ ಎಷ್ಟು ಸಲ ನೆನೆದರೂ ಯೋಚಿಸಿರಲಿಲ್ಲವೆಂದೇ ಅನ್ನಿಸಿತು, ಅದರಿಂದ ಸಮಾಧಾನವೇನೂ ಆಗಲಿಲ್ಲ. ಗಾಜಿನೊಳಗೆ ಮಕ್ಕಳ ಚಪ್ಪಲಿಗಳು ಜೋಡಿ ಜೋಡಿಯಾಗಿ ಕೂತಿದ್ದವು.

"ಹೇಳಿ," ಎಂದರು ಮೇಡಂ. "ಬಿಟ್ಟು ಬಂದ್ರಾ? ಹೇಗಿದ್ದಾರೆ? ಕಣ್ಣು?"

"ಕಣ್ಣು ಕೆಂಪಗಿತ್ತು ಮೇಡಂ."

"ಕೈ?"

"ಸ್ವಲ್ಪ ನಡುಗ್ತಿತ್ತು."

ಆ ಕಡೆ ಕುರ್ಚಿ ಸರಿದ ಸದ್ದು. "ವಾಸನೆ?"

"ಬಂತು. ಸ್ಪಿರಿಟ್ಟಿಂದು."

ಒಂದಾದರೂ ಸುಳ್ಳಿರಲಿಲ್ಲ. ತೇಪೆ ಹಾಕುವಾಗಲೂ ಅವಳು ಹೀಗೇ, ಒಳ್ಳೆಯ ಬಟ್ಟೆಯದೇ ತುಂಡಿನಿಂದ ಹರಿದದ್ದನ್ನು ಮುಚ್ಚುತ್ತಾಳೆ. ಮೇಡಂ ದನಿ ತಗ್ಗಿಸಿ ಕೇಳಿದರು: "ನೀವು ಅವರ ಅಕ್ಕ. ನಿಮಗೆ ಏನನ್ಸುತ್ತೆ? ಕುಡಿದಿದ್ದಾರಾ?"

"ನಂಗೇನು ಗೊತ್ತಾಗುತ್ತೆ ಮೇಡಂ," ಎಂದಳು.

ವಾಪಸ್ ಹೋಗಿ ಮಗುವನ್ನು ಕರೆದುಕೊಂಡು ಬನ್ನಿ, ಜಗಳ ಬೇಡ, ಸೋಮವಾರ ಮಾತಾಡೋಣ ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇಂಥವನ್ನು ಬೇಕಾದಷ್ಟು ಕಂಡವರ ದಣಿವಿತ್ತು. ಎಷ್ಟು ಚೆನ್ನಾಗಿ ಬರ್ತಿದ್ರು, ಎಂದು ತಮ್ಮಷ್ಟಕ್ಕೆ ಅಂದುಕೊಂಡದ್ದು ಇವಳಿಗೂ ಕೇಳಿಸಿತು. ಮತ್ತೆ ಮೆಟ್ಟಿಲು ಹತ್ತುವಾಗ ಅವಳು ನ್ಯಾಯ ಜೋಡಿಸುತ್ತಾ ಹೋದಳು. ಕುಡಿತ ಬಿಟ್ಟವನ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ, ಯಾರಾದರೂ ಹೆದರುವಂಥದ್ದೇ. ಬೇಡವೆಂದದ್ದನ್ನು ಮುಟ್ಟಿದ್ದು ಅವನು. ಇವತ್ತು ಮಂಚದ ನೆಪ, ನಾಳೆ ಇನ್ನೊಂದರ ನೆಪ. ಮಗುವಿನ ಒಳ್ಳೆಯದಕ್ಕೆ ತಾನೇ? ಒಳಗಿನವರು ಈ ಸಲ ತುಟಿ ಬಿಚ್ಚಲಿಲ್ಲ. ಯಾವಾಗಲೂ ವಟವಟ ಅನ್ನುತ್ತಿದ್ದವರು ಈಗ ಬಾಯಿಗೆ ಬೀಗ ಹಾಕಿಕೊಂಡದ್ದರಿಂದ ಅವಳಿಗೆ ಭಯವಾಯಿತು. ಇನ್ನೂ ಕೆಲವು ತಿಂಗಳು, ಅಂದುಕೊಂಡಳು. ಒಂದು ವರ್ಷ. ಒಂದು ವರ್ಷ ಕಳೆದರೆ ಕಡ್ಡಿಗೆ ಇನ್ನೂ ಸ್ವಲ್ಪ ಬುದ್ಧಿ ಬಂದಿರುತ್ತದೆ, ಆಗ ಅವಳಿಗೇ ಬಿಡೋಣ, ಅವಳೇ ಹೇಳಲಿ ಎಲ್ಲಿರಬೇಕೆಂದು. ಆ ಒಂದು ವರ್ಷದಲ್ಲಿ ತಮ್ಮನಿಗೆ ಏನಾಗುತ್ತದೆ ಎಂದು ಮಾತ್ರ ಯೋಚಿಸಲಿಲ್ಲ.

ಬಾಗಿಲು ಓರೆಯಾಗಿತ್ತು. ಕಡ್ಡಿ ಪೇಪರಿನ ಮೇಲೆ ಅಂಗಾತ ಮಲಗಿ ಮಂಚದ ಅಡಿಗೆ ತೂರಿಕೊಂಡಿತ್ತು, ಎರಡು ಶೂ ಮಾತ್ರ ಹೊರಗೆ.

"ಇಲ್ಲಿ ಕೆಳಗೆ ಹಚ್ಚೇ ಇಲ್ಲ ನೀನು."

"ಕೆಳಗೆ ಯಾರು ನೋಡ್ತಾರೆ?" ತಮ್ಮ ಗೋಡೆಗೊರಗಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದ.

"ನಾನು ನೋಡ್ತಿದ್ದೀನಲ್ಲ."

"ಹೌದಲ್ಲ," ಎಂದು ಅವನು ಗಂಭೀರವಾಗಿ ಒಪ್ಪಿಕೊಂಡ. ಆಗ ಅಕ್ಕನನ್ನು ಕಂಡ. "ಏನು ಮರೆತೆ?"

"ಮೇಡಂ ಕರ್ಕೊಂಡು ಬಾ ಅಂದ್ರು," ಎಂದಳು. "ವಾಸನೆ..."

ಅವನು ಹಣ್ಣನ್ನು ನೋಡಿದ. ಅದನ್ನು ಮತ್ತೆ ಸಿಪ್ಪೆಯೊಳಗೆ ಮುಚ್ಚಲು ನೋಡಿದ, ಮುಚ್ಚಲು ಬರಲಿಲ್ಲ. ಕೂಗಾಡುತ್ತಾನೆ ಎಂದು ಅವಳು ಕಾದಿದ್ದಳು. ಕೂಗಾಡಿದರೆ ಎಷ್ಟು ಸುಲಭವಾಗುತ್ತಿತ್ತು.

"ಮಂಚದ್ದು ಅಂತ ನೀನು ಹೇಳಿರ್ತೀಯ," ಎಂದ ಕೊನೆಗೆ. "ಅವರು ನಂಬಿರಲ್ಲ. ನಾನೇ ಆಗಿದ್ರೂ ನಂಬ್ತಿರ್ಲಿಲ್ಲ ಬಿಡು. ನಿಜ ಹೇಳ್ಬೇಕು ಅಂದ್ರೆ, ಬೆಳಿಗ್ಗೆ ಮೇಸ್ತ್ರಿ ಮುಚ್ಚಳ ತೆಗೆದಾಗ ಒಂದು ಗಳಿಗೆ ನಂಗೂ ಒಂಥರಾ ಆಯ್ತು ಅಕ್ಕ. ಕುಡೀಲಿಲ್ಲ. ಆದ್ರೆ ಮೂಗಿಗೆ ಬಂದಾಗ ಕಣ್ಣು ಮುಚ್ಚಿದೆ. ಅದೂ ತಪ್ಪೇ ಇರ್ಬೇಕು." ಪೆಚ್ಚಾಗಿ ನಕ್ಕ. "ಕೇಳ್ಬೇಕಿತ್ತು ಅವರನ್ನ. ನನ್ನ ಬುದ್ಧಿ ಎಲ್ಲಿ ಹೋಗಿತ್ತೋ. ಪೇಂಟು ಬಳಿದಿದ್ರೆ ಆಗ್ತಿತ್ತು."

ಅವನು ಎದ್ದು ಚೀಲಕ್ಕೆ ಬ್ರೆಡ್ಡು, ನೀರಿನ ಬಾಟಲಿ ತುಂಬತೊಡಗಿದ. ಸ್ವೆಟರನ್ನು ಮಡಚಿದ, ಮಡಿಕೆ ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದ. ಮಂಚದ ಅಡಿಯಿಂದ ಕಡ್ಡಿಯ ತಲೆ ಹೊರಬಂತು.

"ಯಾಕೆ? ಸಂಜೆ ಆಯ್ತಾ?"

"ಮಂಚ ಒಣಗಿಲ್ಲ ಪುಟ್ಟಾ," ಎಂದ ಅವನು. "ವಾಸನೆಗೆ ತಲೆನೋವು ಬರುತ್ತೆ. ಅದಕ್ಕೇ ಅತ್ತೆ ಕರೆಯೋಕೆ ಬಂದಿದ್ದಾಳೆ. ಒಣಗಿದ ಮೇಲೆ ಬರುವೆಯಂತೆ."

ಅಕ್ಕನ ಮೇಲೆ ತಪ್ಪು ಬರದ ಹಾಗೆ, ಮೇಡಂ ಮೇಲೂ ಬರದ ಹಾಗೆ, ಎಲ್ಲವನ್ನೂ ಮರದ ಮೇಲೆ ಹೊರಿಸಿದ್ದ. ಎಲ್ಲಿ ಕಲಿತ ಇವನು ಇದನ್ನ? ಕುಡುಕನಾಗಿದ್ದಾಗ ಸುಳ್ಳು ಹೇಳುತ್ತಿದ್ದ, ಬೇಕಾದಷ್ಟು, ಎಲ್ಲ ತನ್ನನ್ನು ಉಳಿಸಿಕೊಳ್ಳಲು.

"ಒಣಗೋ ತನಕ ಇಲ್ಲೇ ಕೂತಿರ್ತೀನಿ," ಎಂದಿತು ಕಡ್ಡಿ. ಎದ್ದು ಬಂದು ಗೋಡೆಯ ಬದಿಗೆ ಚಕ್ಕಂಬಕ್ಕಳ ಹಾಕಿ, ಕೈ ಕಟ್ಟಿ ಕೂತಿತು. "ಏನೂ ಮುಟ್ಟಲ್ಲ. ಮೂಗು ಮುಚ್ಕೋತೀನಿ. ನೋಡು." ಮೂಗು ಹಿಡಿದುಕೊಂಡು ಕೆನ್ನೆ ಉಬ್ಬಿಸಿತು.

ತಮ್ಮ ಅವಳನ್ನು ಎತ್ತಿಕೊಂಡ. ಎತ್ತಿಕೊಂಡವನು ತನ್ನ ಎದೆಗೆ ಒತ್ತಿಕೊಳ್ಳಲೂ ಇಲ್ಲ. ಕಂದು ಕೈ ಫ್ರಾಕಿಗೆ ತಾಗದ ಹಾಗೆ ದೂರ ಹಿಡಿದು, ಬೇರೆಯವರ ವಸ್ತುವನ್ನು ಹುಷಾರಾಗಿ ಹಿಂದಿರುಗಿಸುವವನ ಹಾಗೆ, ಅಕ್ಕನ ತೋಳಿಗೆ ಕೊಟ್ಟ. ಮಗು ಮೈ ಬಿಗಿದುಕೊಂಡಿತ್ತು, ಇನ್ನೂ ಮೂಗು ಹಿಡಿದೇ ಇತ್ತು. ಈ ಭಾರ ಅವಳಿಗೆ ಗೊತ್ತು. ಜ್ವರದಲ್ಲಿ ಎತ್ತಿಕೊಂಡು ತಿರುಗಿದ್ದು, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡದ್ದು, ಹೆತ್ತವಳಲ್ಲ ಎಂದು ನೋಡಿದವರು ಯಾರೂ ಹೇಳಲಾಗದಂತೆ ಹೊತ್ತದ್ದು. ಬೇಕಾದದ್ದು ಕೈಗೆ ಬಂದಿತ್ತು. ಇನ್ನು ಮೆಟ್ಟಿಲಿಳಿದು ಹೋದರಾಯಿತು. ಯಾರಿಗೂ ಏನೂ ಗೊತ್ತಾಗುವುದಿಲ್ಲ, ಇವನಿಗಂತೂ ಇಲ್ಲ. ಇವನು ತಾನು ಕಣ್ಣು ಮುಚ್ಚಿದ್ದೇ ತಪ್ಪೆಂದು ನಂಬಿಕೊಂಡು, ಈ ಒದ್ದೆ ಮಂಚದ ಪಕ್ಕ ಒಬ್ಬನೇ ಕೂತಿರುತ್ತಾನೆ. ಎಷ್ಟು ಹೊತ್ತು ಕೂತಿರುತ್ತಾನೆ? ಆಮೇಲೆ ಎದ್ದು ಎಲ್ಲಿಗೆ ಹೋಗುತ್ತಾನೆ? ಅದು ಅವಳಿಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ಆ ಸಂತೋಷ ಎದ್ದು ಬಂದಾಗಲೇ ಗೊತ್ತಿತ್ತು.

ಅವಳು ಕಡ್ಡಿಯನ್ನು ಕೆಳಗಿಳಿಸಿದಳು.

"ನಾನು ಹೇಳ್ಲಿಲ್ಲ," ಎಂದಳು.

"ಏನು?"

"ಮಂಚದ್ದು ಅಂತ. ಮೇಡಂಗೆ ನಾನು ಹೇಳ್ಲೇ ಇಲ್ಲ."

ಅವನಿಗೆ ಅರ್ಥವಾಗಲಿಲ್ಲ. ಚೀಲ ಹಿಡಿದುಕೊಂಡೇ ಅವಳನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಅರ್ಥ ಮೂಡುವುದನ್ನು ನೋಡುವ ಧೈರ್ಯವಿಲ್ಲದೆ ಅವಳು ಕಿಟಕಿಯ ಕಡೆ ತಿರುಗಿ ಫೋನ್ ಒತ್ತಿದಳು. ಮೇಡಂ ಕೂಡಲೇ ತೆಗೆದುಕೊಂಡರು. ಏನಾಯ್ತು, ಗಲಾಟೆ ಮಾಡ್ತಿದ್ದಾರಾ, ಎಂದರು.

"ಇಲ್ಲ ಮೇಡಂ. ಅವನು ಕುಡಿದಿಲ್ಲ. ಮಂಚಕ್ಕೆ ಪಾಲಿಶ್ ಹಾಕಿದ್ದಾನೆ, ಅದರ ವಾಸನೆ. ಬಾಯಲ್ಲಿ ಏನೂ ಇರ್ಲಿಲ್ಲ. ನಂಗೆ ಗೊತ್ತಿತ್ತು."

"ಗೊತ್ತಿತ್ತಾ? ಆಗಲೇನಾ?"

"ಆಗಲೇ."

"ಮತ್ತೆ ಯಾಕೆ ಹಾಗೆ ಹೇಳಿದ್ರಿ?"

ಆ ಕಡೆ ಯಾರೋ ಬಾಗಿಲು ಹಾಕಿದರು, ಯಾವುದೋ ಮಗು ಅಳುತ್ತಿದ್ದುದು ದೂರವಾಯಿತು. ಹೇಳಲು ಬೇರೆ ಎಷ್ಟೋ ಇದ್ದವು, ಗಾಬರಿ ಆಯ್ತು, ತಪ್ಪು ತಿಳ್ಕೊಂಡೆ, ಮಗುವಿನ ಒಳ್ಳೆಯದಕ್ಕೆ. ಎಲ್ಲ ಸಾಲಾಗಿ ಬಾಯಿಗೆ ಬಂದು ನಿಂತವು, ಒಂದೂ ಹೊರಗೆ ಹೊರಡಲಿಲ್ಲ.

"ಇವಳು ನಂಗೆ ಬೇಕು ಮೇಡಂ," ಎಂದಳು. "ಕೊಡೋಕೆ ಮನಸ್ಸಿಲ್ಲ ನಂಗೆ."

ಹೇಳಿದ ಮೇಲೆ ಕೋಣೆ ಎಷ್ಟು ಚಿಕ್ಕದಾಗಿಬಿಟ್ಟಿತೆಂದರೆ ಉಸಿರಾಡಲು ಜಾಗವಿರಲಿಲ್ಲ. ಕಡ್ಡಿ ಮೂಗು ಬಿಟ್ಟು ಅವಳ ಸೊಂಟಕ್ಕೆ ತಲೆ ತಾಗಿಸಿ ಮೇಲೆ ನೋಡಿತು.

"ಯಾರು ಬೇಕು ಅತ್ತೆ? ನಾನಾ?"

"ಹೂಂ."

"ನಾನು ಇಲ್ಲೇ ಇದ್ದೀನಲ್ಲ," ಎಂದಿತು, ದಡ್ಡರಿಗೆ ಹೇಳುವ ಹಾಗೆ.

ಮೇಡಂ ಏನೂ ಉಪದೇಶ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವರಿಗೆ ಫೋನ್ ಕೊಡಿ ಎಂದಷ್ಟೇ ಹೇಳಿದರು. ತಮ್ಮ ಫೋನನ್ನು ಕಿವಿಗೆ ಹಿಡಿದು, ಹೂಂ, ಹೂಂ, ಹೌದು ಮೇಡಂ, ಎನ್ನುತ್ತಾ ಮಂಚಕ್ಕೆ ಸುತ್ತು ಬಂದ. "ಕೇಳ್ಬೇಕಿತ್ತು, ಒಪ್ಕೋತೀನಿ," ಎಂದ. "ಎರಡೂ ಕಿಟಕಿ ತೆಗೆದಿದೆ. ಇಲ್ಲ, ಹೊರಗೇ ಕರ್ಕೊಂಡು ಹೋಗ್ತೀನಿ, ಒಣಗೋ ತನಕ ಆಟ ಆಡಿಸ್ಕೊಂಡು ಬರ್ತೀನಿ. ಸೋಮವಾರ ಬರ್ತೀನಿ. ಅವರಿಗೂ ಬರೋಕೆ ಹೇಳ್ತೀನಿ." ಅವರಿಗೂ ಎಂದದ್ದು ತನ್ನನ್ನು ಕುರಿತು ಎಂದು ಅವಳಿಗೆ ತಡವಾಗಿ ಹೊಳೆಯಿತು. ಅವನು ಅಕ್ಕನಿಗೆ ಬಹುವಚನ ಹಚ್ಚಿದ್ದು ಅವಳ ನೆನಪಿನಲ್ಲಿ ಅದೇ ಮೊದಲು.

ಫೋನನ್ನು ಅವಳ ಕೈಗೆ ಕೊಟ್ಟು, "ಹೊರಗೆ ಬಾ," ಎಂದ.

ಬಾಗಿಲಾಚೆ, ಮೆಟ್ಟಿಲ ತುದಿಯಲ್ಲಿ, ಇಬ್ಬರು ನಿಂತರೆ ಮೈ ತಾಗುವಷ್ಟು ಜಾಗ. ಅವನು ಬಗ್ಗಲಿಲ್ಲ. ಅವಳೇ ತಲೆಯೆತ್ತಿ ನೋಡಬೇಕಾಯಿತು. ಮಗಳಿಗೆ ಕೇಳಬಾರದೆಂದು ದನಿಯನ್ನು ಹಲ್ಲಿನ ಸಂದಿಯಲ್ಲೇ ಹಿಡಿದಿದ್ದ.

"ನೀನು ಬಗ್ಗು ಅಂದ್ರೆ ಬಗ್ಗಿದೆ. ಬಾಯಿ ತೆಗಿ ಅಂದ್ರೆ ತೆಗೆದೆ. ಅಕ್ಕ ತಾನೇ, ನನ್ನ ಮಗೂನ ಸಾಕಿದವಳು ತಾನೇ, ಅವಳ ಮುಂದೆ ಎಂಥ ಮಾನ ಅಂತ. ಈಗ ನಾನು ನಂಬಿಬಿಟ್ಟಿದ್ದೆ ಅಕ್ಕ! ನಾನೇ ತಪ್ಪು ಮಾಡಿದೀನಿ ಅಂತ ನಾನೇ ನಂಬಿಬಿಟ್ಟಿದ್ದೆ. ನೀನು ಹೋಗಿದ್ರೆ..." ಅವನ ಮುಖ ಕೆಂಡವಾಗಿತ್ತು.

"ತಪ್ಪಾಯ್ತು ಕಣೋ."

"ಆಗಿರ್ಬಹುದು. ಇವತ್ತು ನಂಗೆ ಅದು ಬೇಡ." ಕಂದು ಅಂಗೈಯನ್ನು ಬಾಗಿಲಿಗೆ ಒತ್ತಿದ. "ನೀನಿಲ್ಲದೇ ಇದ್ರೆ ಅವಳು ಬದುಕ್ತಿರ್ಲಿಲ್ಲ, ಅದು ನಂಗೆ ಗೊತ್ತು. ಸಾಯೋ ತನಕ ಗೊತ್ತಿರುತ್ತೆ. ಈಗ ಮನೆಗೆ ಹೋಗು. ಸಂಜೆ ನಾನೇ ಕರ್ಕೊಂಡು ಬರ್ತೀನಿ. ನೀನು ಬರೋದು ಬೇಡ."

ಬಾಗಿಲು ಹಾಕಿದ. ಧಡಾರೆಂದು ಅಲ್ಲ, ಎಲ್ಲ ಮನೆಗಳಲ್ಲೂ ಹಾಕುವ ಹಾಗೆ. ಒಳಗೆ ಚಿಲಕ ಜಾರಿತು. ಅವಳು ಆ ಸಣ್ಣ ಜಾಗದಲ್ಲಿ ನಿಂತೇ ಇದ್ದಳು. ಸಿಟ್ಟು ಬರಬೇಕಿತ್ತು, ಹೊತ್ತು ಸಾಕಿದ್ದಕ್ಕೆ ಇದೇ ಫಲವೇ ಎಂದು; ಬಂತು ಕೂಡ, ಆದರೆ ನಿಲ್ಲಲಿಲ್ಲ. ಇಷ್ಟು ಕಾಲ ಅವನು ಯಾರ ಮುಂದೆಯೂ ಬಾಗಿಲು ಹಾಕಿರಲಿಲ್ಲ. ತಾನು ಇನ್ನು ಯಾವುದಕ್ಕೂ ಹಕ್ಕಿಲ್ಲದವನು ಎನ್ನುವ ಹಾಗೆ, ಬಂದವರಿಗೆಲ್ಲ ಹಾರುಹೊಡೆದು ತೆರೆದುಬಿಡುತ್ತಿದ್ದ.

ಒಳಗಿನಿಂದ ಅವನ ದನಿ ಏಕಾಏಕಿ ಜೋರಾಗಿ ಬಂತು.

"ಮುಟ್ಟಬೇಡ ಅಂದೆ ತಾನೇ? ಕನ್ನಡದಲ್ಲಿ ಹೇಳಿದ್ದು ಅರ್ಥ ಆಗಲ್ವಾ ನಿಂಗೆ? ತೆಗಿ ಕೈ!"

"ಒಂದೇ ಬೆರಳು!" ಎಂದು ಕಡ್ಡಿಯ ರಾಗ. "ಒಂದೇ ಒಂದು ಬೆರಳು ಅಪ್ಪ!"

"ಒಂದು ಬೆರಳಂತೆ. ನೋಡಿಲ್ಲಿ, ಅಚ್ಚು ಬಿತ್ತು. ಬಾ ಇಲ್ಲಿ, ಒರೆಸ್ಕೋ. ಒರೆಸ್ಕೊಂಡು ನಡಿ, ಹೊರಗೆ ಹೋಗೋಣ."

ಕೇಂದ್ರದ ಕೋಣೆಯಲ್ಲಿ ಕಳೆದ ಅಷ್ಟೂ ದಿನ ಅವನು ಮಗಳನ್ನು ಗದರಿದ್ದು ಅವಳು ಕೇಳಿರಲಿಲ್ಲ. ಮಗು ಏನು ಮಾಡಿದರೂ ಸರಿ, ಏನು ಕೇಳಿದರೂ ಆಯ್ತು. ನೆಂಟರ ಮನೆಗೆ ಬಂದವರು ಯಾರ ಮಕ್ಕಳನ್ನೂ ಗದರುವುದಿಲ್ಲ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಸದ್ದಾಗದ ಹಾಗೆ, ಮೆಟ್ಟಿಲ ಮೇಲೆ ಕೂತು ಅತ್ತಳು. ಎಷ್ಟು ನೋಯುತ್ತಿತ್ತೋ ಅಷ್ಟೇ ನಿರಾಳವೂ ಆಗಿತ್ತು, ಯಾವುದಕ್ಕೆ ಅಳುತ್ತಿದ್ದೇನೆಂದು ಬಿಡಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಒಳಗೆ ಶೂಗಳ ಸದ್ದು ಕೇಳಿಸಿತು. ಅವರು ಹೊರಬರುವಾಗ ತಾನಿಲ್ಲಿ ಇರಬಾರದೆಂದು ಲಗುಬಗೆಯಿಂದ ಎದ್ದು ಇಳಿದಳು. ಬೀದಿಯಲ್ಲಿ ಮಧ್ಯಾಹ್ನ ಇನ್ನೂ ಪೂರ್ತಿಯಾಗಿ ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.